ಟೆಕ್ಸಸ್‌ನಲ್ಲಿ ಬಾರು, ಬೋರ್ಡು, ಬಂದೂಕು: ಬಾಗಿಲು ದಾಟುವ ಮುನ್ನ ತಿಳಿದಿರಬೇಕಾದ್ದು

ಆಸ್ಟಿನ್‌ನ ಸಿಕ್ಸ್ತ್ ಸ್ಟ್ರೀಟಿನಲ್ಲೋ ಡಲ್ಲಾಸ್‌ನ ಡೀಪ್ ಎಲ್ಲಮ್‌ನಲ್ಲೋ ಸಂಜೆ ಸುತ್ತಾಡುವಾಗ ಬಾರುಗಳ ಬಾಗಿಲ ಪಕ್ಕ ಕೆಂಪು ಬಣ್ಣದಲ್ಲಿ ದಪ್ಪಗೆ '51' ಎಂದು ಬರೆದ ಬೋರ್ಡು ಕಾಣುತ್ತದೆ. ಊರಿಗೆ ಹೊಸಬರಾದವರು ಅದನ್ನು ಓದದೆ ಒಳಗೆ ಹೋಗುತ್ತಾರೆ. ಗನ್ ಇಲ್ಲದವರಿಗೆ ಅದರಿಂದ ತೊಂದರೆಯೇನಿಲ್ಲ. ಆದರೆ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡವರು ಆ ಬಾಗಿಲು ದಾಟಿದರೆ ಎರಡರಿಂದ ಹತ್ತು ವರ್ಷ ಜೈಲು ಮತ್ತು 10,000 ಡಾಲರ್‌ವರೆಗೆ ದಂಡ ವಿಧಿಸಬಹುದಾದ ಅಪರಾಧ ಮಾಡಿದಂತೆ.

ಈ ಲೇಖನ ಬರೆಯಲು ಕಾರಣವಿದೆ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ವರ್ಷ ತುಂಬಿದ, ಬೇರೆ ಕಾನೂನಿನ ಅಡ್ಡಿ ಇಲ್ಲದ ವ್ಯಕ್ತಿ ಲೈಸೆನ್ಸ್ ಇಲ್ಲದೆಯೇ ಹ್ಯಾಂಡ್‌ಗನ್ ಇಟ್ಟುಕೊಂಡು ಓಡಾಡಬಹುದು. ಸುದ್ದಿ ಇಲ್ಲಿರುವ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಿಗೆ ಬಂದದ್ದು ಮಾತ್ರ 'ಟೆಕ್ಸಸ್‌ನಲ್ಲಿ ಈಗ ಗನ್‌ಗೆ ಲೈಸೆನ್ಸೇ ಬೇಡ' ಎಂಬ ಒಂದೇ ಸಾಲಾಗಿ. 'ಬೇರೆ ಕಾನೂನಿನ ಅಡ್ಡಿ ಇಲ್ಲದ' ಎಂಬ ಮಾತು ಬಿಟ್ಟುಹೋಯಿತು. ಯಾವ ಜಾಗಕ್ಕೆ ಒಯ್ಯಬಾರದು ಎಂಬುದೂ ಬಿಟ್ಟುಹೋಯಿತು. ನಮ್ಮವರ ಪಾಲಿಗೆ ನಿಜವಾದ ಅಪಾಯ ಇರುವುದು ಹೀಗೆ ಬಿಟ್ಟುಹೋದ ಮಾತುಗಳಲ್ಲೇ.

ನಾನು ವಕೀಲನಲ್ಲ. ಇಲ್ಲಿರುವುದು ಒಬ್ಬ ಸಾಮಾನ್ಯ ಮನುಷ್ಯ ಮನೆಯಿಂದ ಹೊರಡುವ ಮೊದಲು ಯಾವ ಕ್ರಮದಲ್ಲಿ ಯೋಚಿಸಬೇಕು ಎಂಬುದು. ಕ್ರಮ ಮುಖ್ಯ. ಬೋರ್ಡಿನಿಂದ ಶುರುಮಾಡಬಾರದು, ಪಾಸ್‌ಪೋರ್ಟಿನಿಂದ ಶುರುಮಾಡಬೇಕು.

ಮೊದಲ ಹೆಜ್ಜೆ: ನಿಮ್ಮ ವೀಸಾ ಯಾವುದು?

ನೀವು ಎಚ್-1ಬಿ, ಎಚ್-4, ಎಲ್-1, ಎಫ್-1 ಅಥವಾ ಪ್ರವಾಸಿ ವೀಸಾದಲ್ಲಿದ್ದರೆ ಪ್ರಶ್ನೆ ಬಾರಿನ ಬಾಗಿಲವರೆಗೂ ಹೋಗುವುದಿಲ್ಲ. ಅಮೆರಿಕದ ಫೆಡರಲ್ ಕಾನೂನು (18ನೇ ಶೀರ್ಷಿಕೆಯ 922ನೇ ಸೆಕ್ಷನ್) ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ತಮ್ಮ ಬಳಿ ಇಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ. ಅದನ್ನು ಮೀರಿದರೆ 15 ವರ್ಷದವರೆಗೆ ಜೈಲು. ಟೆಕ್ಸಸ್ ಏನೇ ರಿಯಾಯಿತಿ ಕೊಟ್ಟರೂ ಅದು ಈ ನಿಷೇಧವನ್ನು ಅಳಿಸಲಾರದು, ಏಕೆಂದರೆ ಟೆಕ್ಸಸ್‌ನ ರಿಯಾಯಿತಿ ಇರುವುದೇ ಫೆಡರಲ್ ಅಡ್ಡಿ ಇಲ್ಲದವರಿಗೆ.

ಇದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ನಿಷೇಧ ಅನ್ವಯಿಸುವುದಿಲ್ಲ. ಇದನ್ನು ಕೇಳಿಕೊಂಡು 'ಬೇಟೆ ಲೈಸೆನ್ಸ್ ಮಾಡಿಸಿಬಿಡು, ಆಮೇಲೆ ಏನೂ ಇಲ್ಲ' ಎಂದು ಸಲಹೆ ಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಕಾನೂನಿನ ಪುಸ್ತಕದಲ್ಲಿ ಆ ದಾರಿ ಇರುವುದು ನಿಜ. ಆದರೆ ಕೆಲಸ, ಮನೆ ಸಾಲ, ಮಕ್ಕಳ ಶಾಲೆ ಎಲ್ಲವೂ ಒಂದು ವೀಸಾದ ಮೇಲೆ ನಿಂತಿರುವಾಗ ಆ ಸಣ್ಣ ದಾರಿಯಲ್ಲಿ ನಡೆದು ಸಾಧಿಸುವುದು ಏನು? ಗ್ರೀನ್ ಕಾರ್ಡ್ ಬರುವವರೆಗೆ ಗನ್ ಬೇಡ ಎಂದೇ ನಾನು ಹೇಳುವುದು. ಶೂಟಿಂಗ್ ರೇಂಜಿಗೆ ಗೆಳೆಯರ ಜೊತೆ ಹೋದಾಗ 'ಒಂದ್ಸಲ ಹಿಡಿದು ನೋಡು' ಎನ್ನುತ್ತಾರಲ್ಲ, ಆಗಲೂ ಇದನ್ನು ನೆನಪಿಡಿ. ಗನ್ ಬೇರೆಯವರದ್ದಾದರೂ ಕೈಯಲ್ಲಿ ಹಿಡಿದ ಹೊತ್ತು ಅದು ನಿಮ್ಮ ವಶದಲ್ಲಿದ್ದಂತೆಯೇ.

ಊರಿನಿಂದ ಬಂದ ಅಪ್ಪ ಅಮ್ಮನಿಗೂ ಇದೇ ನಿಯಮ. ಕೊಡಗಿನವರಿಗಂತೂ ಇದು ಸುಲಭಕ್ಕೆ ಒಗ್ಗುವ ಮಾತಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಬಂದೂಕಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುವ ಮನೆತನದವರಿಗೆ ಕೋವಿ ಎಂದರೆ ಹಿರಿಯರ ಆಸ್ತಿ. ಭಾರತದ ಆಯುಧ ಕಾಯ್ದೆಯಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಆ ಹಕ್ಕು ಕೊಡಗಿನ ಮಣ್ಣಿಗೆ ಸೇರಿದ್ದು. ವಿಮಾನ ಹತ್ತಿ ಬಂದ ಮೇಲೆ ಅದರ ಬಲ ಇಲ್ಲಿ ನಡೆಯುವುದಿಲ್ಲ.

ಗ್ರೀನ್ ಕಾರ್ಡ್ ಇರುವವರು ಕಾನೂನುಬದ್ಧವಾಗಿ ಗನ್ ಹೊಂದಬಹುದು. ಹಾಗೆಂದು ನಿರಾಳವಾಗುವಂತಿಲ್ಲ, ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದವರು ಅವರೇ. ಅಮೆರಿಕದ ವಲಸೆ ಕಾನೂನಿನ ಪ್ರಕಾರ ಬಂದೂಕಿಗೆ ಸಂಬಂಧಿಸಿದ ಯಾವುದೇ ಕಾನೂನು ಮುರಿದು ಗನ್ ಇಟ್ಟುಕೊಂಡ ಅಥವಾ ಒಯ್ದ ಅಪರಾಧ ಸಾಬೀತಾದರೆ, ಪೌರತ್ವ ಪಡೆಯದ ವ್ಯಕ್ತಿಯನ್ನು ಗಡೀಪಾರು ಮಾಡಬಹುದು. ಅಪರಾಧ ದೊಡ್ಡದೋ ಸಣ್ಣದೋ ಎಂಬ ಭೇದ ಅಲ್ಲಿಲ್ಲ. ಅಮೆರಿಕದಲ್ಲೇ ಹುಟ್ಟಿದವನು '51' ಬೋರ್ಡಿನ ಬಾರಿಗೆ ಮೈಮರೆತು ಗನ್ ಒಯ್ದರೆ ಅವನಿಗೆ ಶಿಕ್ಷೆಯಾಗುತ್ತದೆ. ಇಪ್ಪತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿದ ಗ್ರೀನ್ ಕಾರ್ಡಿನವನು ಅದೇ ಕೆಲಸ ಮಾಡಿದರೆ ಶಿಕ್ಷೆಯ ಜೊತೆಗೆ ಈ ದೇಶದಲ್ಲಿ ಕಟ್ಟಿಕೊಂಡ ಬದುಕೂ ಹೋಗಬಹುದು.

ಎರಡನೇ ಹೆಜ್ಜೆ: ಬಾಗಿಲ ಬೋರ್ಡನ್ನು ನಿಂತು ಓದಿ

ಟೆಕ್ಸಸ್ ದಂಡಸಂಹಿತೆಯ 46.03ನೇ ಸೆಕ್ಷನ್ ಗನ್ ಒಯ್ಯಬಾರದ ಜಾಗಗಳನ್ನು ಪಟ್ಟಿ ಮಾಡುತ್ತದೆ. ಮದ್ಯದ ಲೈಸೆನ್ಸ್ ಇದ್ದು, ಅಲ್ಲೇ ಕೂತು ಕುಡಿಯಲು ಮಾರುವ ಮದ್ಯದಿಂದ ಒಟ್ಟು ಆದಾಯದ ಶೇಕಡಾ 51 ಅಥವಾ ಅದಕ್ಕೂ ಹೆಚ್ಚು ಗಳಿಸುವ ವ್ಯಾಪಾರ ಸ್ಥಳ ಆ ಪಟ್ಟಿಯಲ್ಲಿದೆ. ಗನ್ ಲೈಸೆನ್ಸ್ ಇದ್ದವರಿಗೂ ಇಲ್ಲದವರಿಗೂ ನಿಷೇಧ ಒಂದೇ. ನೀವು ಕುಡಿದಿದ್ದೀರೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಇಲ್ಲ. ನಿಂಬೆ ಸೋಡಾ ಕುಡಿಯುತ್ತ ಕೂತಿದ್ದರೂ ಗನ್ ಒಳಗೆ ಬಂದರೆ ಅಪರಾಧ.

ಯಾವ ಅಂಗಡಿ 51ರ ಸಾಲಿಗೆ ಸೇರುತ್ತದೆ ಎಂದು ನಿರ್ಧರಿಸುವುದು ರಾಜ್ಯದ ಮದ್ಯ ಆಯೋಗ. ಹಾಗೆ ಸೇರಿದ ಅಂಗಡಿ ಪ್ರತಿ ಪ್ರವೇಶದ ಬಳಿಯೂ ಬೋರ್ಡು ಹಾಕಬೇಕು. ಬೋರ್ಡು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದು ಇಂಚು ಎತ್ತರ, ಕೆಂಪಿನ '51' ಕನಿಷ್ಠ ಐದು ಇಂಚು ಎತ್ತರ ಇರಬೇಕು ಎಂದು ಕಾನೂನೇ ಅಳತೆ ಕೊಟ್ಟಿದೆ. ಹಾಗಾಗಿ 'ಕಾಣಲೇ ಇಲ್ಲ' ಎಂದರೆ ನಂಬುವವರು ಕಡಿಮೆ. ಬೋರ್ಡು ಇರಲೇ ಇಲ್ಲ ಎಂಬುದು ಕೋರ್ಟಿನಲ್ಲಿ ವಾದಕ್ಕೆ ಬರಬಹುದು, ಆದರೆ ಕೋರ್ಟಿಗೆ ಹೋಗಿ ಗೆಲ್ಲುವುದಕ್ಕಿಂತ ಹೋಗದಿರುವುದೇ ಮೇಲು. ಒಳಗೆ ಕಾಲಿಟ್ಟ ಮೇಲೆ ಊಟದ ಮೇಜಿಗಿಂತ ಬಾಟಲಿಗಳ ಕಪಾಟೇ ದೊಡ್ಡದಾಗಿ ಕಂಡರೆ ಅಲ್ಲಿಂದಲೇ ಹಿಂದಿರುಗಿ.

ನಮ್ಮವರು ಹೆಚ್ಚು ಹೋಗುವುದು ಭಾರತೀಯ ರೆಸ್ಟೋರೆಂಟುಗಳಿಗೆ. ಅಲ್ಲಿ ಬಿಯರ್, ವೈನ್ ಸಿಕ್ಕರೂ ಆದಾಯ ಬರುವುದು ಬಹುತೇಕ ದೋಸೆ ಬಿರಿಯಾನಿಯಿಂದ, ಆದ್ದರಿಂದ 51ರ ನಿಯಮ ಸಾಮಾನ್ಯವಾಗಿ ಅಲ್ಲಿಗೆ ತಾಗುವುದಿಲ್ಲ. ಮದ್ಯದ ಬಾಟಲಿ ಕಟ್ಟಿಸಿಕೊಂಡು ಮನೆಗೆ ಒಯ್ಯುವ ಅಂಗಡಿಗೂ ತಾಗುವುದಿಲ್ಲ, ಏಕೆಂದರೆ ಅಲ್ಲಿ ಕೂತು ಕುಡಿಯುವುದಿಲ್ಲ. ಆದರೆ ಅಲ್ಲಿ ಬೇರೆ ಬೋರ್ಡು ಇರಬಹುದು. ತನ್ನ ಜಾಗಕ್ಕೆ ಗನ್ ಬೇಡ ಎನ್ನುವ ಹಕ್ಕು ಪ್ರತಿ ಮಾಲೀಕನಿಗೂ ಇದೆ. ಅದಕ್ಕೆ ಮೂರು ಸೆಕ್ಷನ್‌ಗಳಿವೆ: ಲೈಸೆನ್ಸ್ ಇಲ್ಲದೆ ಒಯ್ಯುವವರಿಗೆ 30.05, ಲೈಸೆನ್ಸ್ ಇದ್ದು ಬಟ್ಟೆಯೊಳಗೆ ಮರೆಮಾಡಿ ಒಯ್ಯುವವರಿಗೆ 30.06, ಲೈಸೆನ್ಸ್ ಇದ್ದು ಎಲ್ಲರಿಗೂ ಕಾಣುವಂತೆ ಒಯ್ಯುವವರಿಗೆ 30.07. ಬೋರ್ಡಿನಲ್ಲಿ ಈ ಸಂಖ್ಯೆಗಳನ್ನು ಹುಡುಕಿ. ಬೋರ್ಡು ಮೀರಿ ಒಳಗೆ ಹೋದರೆ 200 ಡಾಲರ್‌ವರೆಗೆ ದಂಡದ ಸಣ್ಣ ಅಪರಾಧ. ಮಾಲೀಕ ಬಾಯಿಬಿಟ್ಟು 'ಹೊರಗೆ ಹೋಗಿ' ಎಂದ ಮೇಲೂ ನಿಂತರೆ ಒಂದು ವರ್ಷದವರೆಗೆ ಜೈಲಿನ ಅಪರಾಧವಾಗುತ್ತದೆ. ಯಾರಾದರೂ ಹೊರಗೆ ಹೋಗಲು ಹೇಳಿದರೆ ಗನ್ ಹಕ್ಕು ಕೊಡುವ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿಯ ಬಗ್ಗೆ ಭಾಷಣ ಮಾಡಬೇಡಿ. ಕ್ಷಮೆ ಕೇಳಿ ಹೊರಡಿ.

ಕನ್ನಡ ಸಂಘಗಳ ಯುಗಾದಿ, ರಾಜ್ಯೋತ್ಸವ ಶಾಲೆಯ ಆಡಿಟೋರಿಯಂನಲ್ಲಿ ನಡೆಯುವುದು ಸಾಮಾನ್ಯ. ಅಲ್ಲಿ ಮದ್ಯವಿರುವುದಿಲ್ಲ, ಆದರೂ ಶಾಲೆಯ ಕಟ್ಟಡ ಅದೇ 46.03ರ ಪಟ್ಟಿಯಲ್ಲಿದೆ. ಮದ್ಯ ಇಲ್ಲ ಎಂದರೆ ಗನ್ ಒಯ್ಯಬಹುದು ಎಂದು ತಿರುಗಿಸಿ ಯೋಚಿಸಬೇಡಿ.

ಮೂರನೇ ಹೆಜ್ಜೆ: ನಿಮ್ಮ ಲೋಟ

51ರ ಬೋರ್ಡಿಲ್ಲದ, 30ರ ಬೋರ್ಡೂ ಇಲ್ಲದ ರೆಸ್ಟೋರೆಂಟಿನಲ್ಲಿ ಟೆಕ್ಸಸ್ ಕಾನೂನು ಗನ್ ತಡೆಯುವುದಿಲ್ಲ. ಆಗ ಪ್ರಶ್ನೆ ಜಾಗದಿಂದ ನಿಮ್ಮ ಮೈಗೆ ಬರುತ್ತದೆ. ಅಮಲಿನಲ್ಲಿ ಹ್ಯಾಂಡ್‌ಗನ್ ಒಯ್ಯುವುದು 46.02ನೇ ಸೆಕ್ಷನ್ ಪ್ರಕಾರ ಅಪರಾಧ. ಶಿಕ್ಷೆ ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ.

ಅಮಲು ಎಂದರೇನು? ರಕ್ತದಲ್ಲಿ ಆಲ್ಕೋಹಾಲ್ ಪ್ರಮಾಣ 0.08 ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ವ್ಯಾಖ್ಯೆಯಲ್ಲಿ ಇನ್ನೊಂದು ಭಾಗವೂ ಇದೆ. ಕುಡಿದದ್ದರಿಂದ ಮನಸ್ಸಿನ ಅಥವಾ ದೇಹದ ಸಹಜ ಹಿಡಿತ ತಪ್ಪಿದ್ದರೆ, ಮೀಟರಿನಲ್ಲಿ ಅಂಕಿ ಕಡಿಮೆ ಇದ್ದರೂ ಅದು ಅಮಲೇ. ಮದ್ಯ ಮಾತ್ರವಲ್ಲ, ಔಷಧಿಯಿಂದ ಆದರೂ ಅಷ್ಟೇ. ಅದಕ್ಕೇ 'ಒಂದು ಬಿಯರ್ ಪರವಾಗಿಲ್ಲ' ಎಂಬ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಗನ್ ಮೈಮೇಲಿದ್ದರೆ ಒಂದು ಹನಿಯೂ ಬೇಡ. ಕುಡಿಯುವ ಮನಸ್ಸಿದ್ದರೆ ಗನ್ ಮನೆಯ ಸೇಫಿನಲ್ಲಿರಲಿ. ಇದನ್ನು ಕಾನೂನಿಗಿಂತ ಬಿಗಿಯಾಗಿಯೇ ಹೇಳುತ್ತಿದ್ದೇನೆ.

ಯಾಕೆಂದು ವಿವರಿಸಬೇಕಾಗಿಲ್ಲ ಎನಿಸುತ್ತದೆ. 1999ರ ಏಪ್ರಿಲ್ ಕೊನೆಯಲ್ಲಿ ದಿಲ್ಲಿಯ ಮೆಹ್ರೌಲಿಯ ಒಂದು ರೆಸ್ಟೋರೆಂಟಿನ ಪಾರ್ಟಿಯಲ್ಲಿ ಮದ್ಯ ಬಡಿಸುವುದು ನಿಂತಿದೆ ಎಂದು ಹೇಳಿದ್ದಕ್ಕೆ ಜೆಸ್ಸಿಕಾ ಲಾಲ್ ಗುಂಡಿಗೆ ಬಲಿಯಾದಳು. ಗುಂಡು ಹಾರಿದ್ದು ಒಂದು ಸಣ್ಣ .22 ಪಿಸ್ತೂಲಿನಿಂದ. ಪಿಸ್ತೂಲು ಆ ರಾತ್ರಿ ಮನೆಯಲ್ಲಿದ್ದಿದ್ದರೆ ಅದು ಒಂದು ಜಗಳವಾಗಿ ಮುಗಿಯುತ್ತಿತ್ತು.

ಇನ್ನು ಮನೆ ಪಾರ್ಟಿಗಳು. ನಿಮ್ಮ ಸ್ವಂತ ಮನೆಯಲ್ಲಿ, ಅಥವಾ ಮನೆಯವರ ಒಪ್ಪಿಗೆ ಇರುವ ಖಾಸಗಿ ಮನೆಯಲ್ಲಿ ಅಮಲಿನ ಈ ನಿಯಮಕ್ಕೆ ವಿನಾಯಿತಿ ಇದೆ. ಕಾನೂನು ಅಲ್ಲಿಗೆ ಬರದಿದ್ದರೂ ಮಕ್ಕಳು ಅಲ್ಲಿರುತ್ತಾರೆ. ದೊಡ್ಡವರೆಲ್ಲ ಹಿತ್ತಲಿನಲ್ಲಿ ಗ್ರಿಲ್ ಸುತ್ತ ಲೋಟ ಹಿಡಿದು ನಿಂತಿರುವಾಗ ಮಕ್ಕಳು ಮಹಡಿಯ ಕೋಣೆಗಳಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿರುತ್ತಾರೆ. 17 ವರ್ಷದೊಳಗಿನ ಮಗುವಿನ ಕೈಗೆ ಸಿಗುವಂತೆ, ಗುಂಡು ತುಂಬಿದ ಗನ್ ಅಜಾಗರೂಕತೆಯಿಂದ ಇಡುವುದೂ ಟೆಕ್ಸಸ್‌ನಲ್ಲಿ ಅಪರಾಧ. ಪಾರ್ಟಿಗೆ ಮಕ್ಕಳನ್ನು ಕಳುಹಿಸುವ ಮೊದಲು 'ನಿಮ್ಮ ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ' ಎಂದು ಕೇಳಲು ನಮ್ಮವರು ಹಿಂಜರಿಯುತ್ತಾರೆ. ಕೇಳಿ. 'ಅಣ್ಣ, ಪುಟ್ಟನಿಗೆ ಕಡಲೆಕಾಯಿ ಅಲರ್ಜಿ' ಎಂದು ಹೇಳಲು ಸಂಕೋಚವಿಲ್ಲವಲ್ಲ, ಹಾಗೆಯೇ ಕೇಳಿ.

ಕಾರಿನಲ್ಲಿ ಬಿಟ್ಟು ಹೋಗುವ ವಿಷಯ

51ರ ನಿಷೇಧ ಕಟ್ಟಡಕ್ಕೆ ಮಾತ್ರ. ಪಾರ್ಕಿಂಗ್ ಲಾಟ್, ಕಾಲುದಾರಿ, ರಸ್ತೆ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಬೋರ್ಡು ಕಂಡ ತಕ್ಷಣ ವಾಪಸ್ ಹೋಗಿ ಕಾರಿನಲ್ಲಿ ಇಟ್ಟು ಬರುವುದು ಕಾನೂನುಬದ್ಧ. ಆದರೆ ಬಾರುಗಳ ಮುಂದೆ ನಿಲ್ಲಿಸಿದ ಕಾರಿನಿಂದ ಗನ್ ಕಳುವಾಗುವುದು ಇಲ್ಲಿ ಅಪರೂಪವಲ್ಲ. ಇಡಲೇಬೇಕಾದರೆ ಕಾರಿಗೆ ತಂತಿ ಹಗ್ಗದಿಂದ ಬಿಗಿದ ಬೀಗದ ಪೆಟ್ಟಿಗೆಯಲ್ಲಿ, ಹೊರಗೆ ಕಾಣದಂತೆ ಇಡಿ. ಎಲ್ಲರೂ ನೋಡುವಂತೆ ಪಾರ್ಕಿಂಗಿನಲ್ಲಿ ನಿಂತು ಸೊಂಟದಿಂದ ತೆಗೆದು ಇಡಬೇಡಿ. ಕುಡಿಯಲು ಹೋಗುವ ಸಂಜೆಯಾದರೆ ಕಾರಿನಲ್ಲೂ ಬೇಡ, ಕಾರೂ ಬೇಡ, ಉಬರ್ ಹಿಡಿಯಿರಿ.

ನಾಲ್ಕನೇ ಹೆಜ್ಜೆ: ರಾಜ್ಯ ದಾಟುವಾಗ ಎಲ್ಲ ಮರೆತು ಹೊಸದಾಗಿ ಓದಿ

ಟೆಕ್ಸಸ್ ಆದಾಯ ನೋಡಿ ಅಳೆಯುತ್ತದೆ. ಎಲ್ಲ ರಾಜ್ಯಗಳೂ ಹಾಗೆ ಮಾಡುವುದಿಲ್ಲ, ಅಡಚಣೆ ಇರುವುದೇ ಇಲ್ಲಿ.

ಇಲಿನಾಯ್ ಕೂಡ ಆದಾಯವನ್ನೇ ನೋಡುತ್ತದೆ, ಹಿಂದಿನ ಮೂರು ತಿಂಗಳ ಒಟ್ಟು ವಹಿವಾಟಿನ ಅರ್ಧಕ್ಕಿಂತ ಹೆಚ್ಚು ಮದ್ಯದಿಂದ ಬಂದಿದ್ದರೆ ನಿಷೇಧ. ಫ್ಲಾರಿಡಾದಲ್ಲಿ ಒಂದೇ ರೆಸ್ಟೋರೆಂಟಿನೊಳಗೆ ಗೆರೆ ಬೀಳುತ್ತದೆ: ಮುಖ್ಯವಾಗಿ ಮದ್ಯಕ್ಕೆಂದೇ ಇರುವ ಭಾಗಕ್ಕೆ ಒಯ್ಯುವಂತಿಲ್ಲ. ಸಿಯಾಟಲ್ ಕಡೆಯವರು ಗಮನಿಸಿ, ವಾಷಿಂಗ್ಟನ್ ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ಪ್ರವೇಶವಿಲ್ಲ ಎಂದು ಮದ್ಯ ಮಂಡಳಿ ಗುರುತಿಸಿದ ಭಾಗವೇ ಗನ್‌ಗೂ ನಿಷಿದ್ಧ. ವರ್ಜೀನಿಯಾದಲ್ಲಿ ಲೈಸೆನ್ಸ್ ಇದ್ದವರು ಮರೆಮಾಡಿದ ಗನ್‌ನೊಂದಿಗೆ ಮದ್ಯ ಬಡಿಸುವ ರೆಸ್ಟೋರೆಂಟಿಗೆ ಹೋಗಬಹುದು, ಆದರೆ ಅಲ್ಲಿ ಒಂದು ಗುಟುಕೂ ಕುಡಿಯುವಂತಿಲ್ಲ. ಉತ್ತರ ಕೆರೊಲಿನಾ ಇನ್ನೂ ಬಿಗಿ. ಮೊದಲೇ ಕುಡಿದ ಮದ್ಯ ಮೈಯಲ್ಲಿ ಉಳಿದಿದ್ದರೂ ಮರೆಮಾಡಿ ಒಯ್ಯುವಂತಿಲ್ಲ. ರಾತ್ರಿ ಕುಡಿದು ಬೆಳಗ್ಗೆ ಹೊರಡುವವರಿಗೂ ಅದು ಅನ್ವಯ. ಅರಿಜೋನಾದಲ್ಲಿ 2010ರಿಂದ ರಸ್ತೆಯಲ್ಲಿ ಲೈಸೆನ್ಸ್ ಬೇಡ, ಆದರೆ ಬಾರಿನೊಳಗೆ ಮರೆಮಾಡಿ ಒಯ್ಯಲು ಲೈಸೆನ್ಸ್ ಬೇಕು, ಕುಡಿಯಬಾರದು, ಬಾಗಿಲಲ್ಲಿ ನಿಷೇಧದ ಬೋರ್ಡೂ ಇರಬಾರದು.

ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಆದಾಯದ ಲೆಕ್ಕವೇ ಇಲ್ಲ. ಕೂತು ಕುಡಿಯಲು ಮದ್ಯ ಮಾರುವ ಲೈಸೆನ್ಸಿನ ಜಾಗವಾದರೆ ಸಾಕು, ಮಸಾಲೆ ದೋಸೆಯ ಹೋಟೆಲಾದರೂ ನಿಷೇಧ. ಈ ಎರಡು ರಾಜ್ಯಗಳೂ ಇಲಿನಾಯ್ ಕೂಡ ಟೆಕ್ಸಸ್‌ನ ಲೈಸೆನ್ಸನ್ನು ಒಪ್ಪುವುದಿಲ್ಲ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಬ್ರೂಯೆನ್ ಪ್ರಕರಣದಲ್ಲಿ ಸಾರ್ವಜನಿಕವಾಗಿ ಗನ್ ಒಯ್ಯುವ ಹಕ್ಕನ್ನು ಎತ್ತಿಹಿಡಿದ ಮೇಲೆ ನ್ಯೂಯಾರ್ಕ್ ಅದೇ ಸೆಪ್ಟೆಂಬರ್‌ನಿಂದ, ಕ್ಯಾಲಿಫೋರ್ನಿಯಾ 2024ರಿಂದ ಇಂಥ ನಿಷೇಧಗಳನ್ನು ತಂದವು. ಮೇಲ್ಮನವಿ ಕೋರ್ಟುಗಳು ಈವರೆಗೆ ಮದ್ಯದ ಜಾಗಗಳ ನಿಷೇಧವನ್ನು ಬಹುಮಟ್ಟಿಗೆ ಉಳಿಸಿವೆ. ಟೆಕ್ಸಸ್‌ನ 51ರ ನಿಯಮದ ಮೇಲೂ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಲಾಗಿದೆ. ಟೆಕ್ಸಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ ಸೇರುತ್ತದೆ, ಹೊಸ ಕಾನೂನುಗಳು ಸಾಮಾನ್ಯವಾಗಿ ಸೆಪ್ಟೆಂಬರ್ 1ಕ್ಕೆ ಜಾರಿಯಾಗುತ್ತವೆ. ಆ ಹೊತ್ತಿಗೆ ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆ ಮತ್ತು ಮದ್ಯ ಆಯೋಗದ ವೆಬ್‌ಸೈಟ್ ತೆರೆದು ಓದುವ ಅಭ್ಯಾಸ ಮಾಡಿಕೊಳ್ಳಿ.

ನಿಮ್ಮದೇ ರೆಸ್ಟೋರೆಂಟ್ ಇದ್ದರೆ

ಬಾರ್ ಕೌಂಟರ್ ದೊಡ್ಡದಾಗುತ್ತ ಹೋಗಿ ಮದ್ಯದ ಪಾಲು ಅರ್ಧದ ಹತ್ತಿರ ಬಂದರೆ ಲೆಕ್ಕ ಬರೆಯುವವರಿಗೆ ಹೇಳಿ ಊಟದ ಬಿಲ್ಲು, ಮದ್ಯದ ಬಿಲ್ಲು ಬೇರೆ ಬೇರೆ ಕಾಣುವಂತೆ ಇಡಿ. ಲೈಸೆನ್ಸ್ ನವೀಕರಿಸುವಾಗ ಅದು ಬೇಕಾಗುತ್ತದೆ. 51ರ ಸಾಲಿಗೆ ಸೇರಿದರೆ ಹಿಂಬಾಗಿಲೂ ಸೇರಿದಂತೆ ಎಲ್ಲ ಪ್ರವೇಶಕ್ಕೂ ಬೋರ್ಡು ಹಾಕಿ. ಸೇರದಿದ್ದರೆ 51ರ ಬೋರ್ಡು ಹಾಕಬೇಡಿ. ನಿಮಗೆ ಗನ್ ಬೇಡವೆಂದರೆ 30.05, 30.06, 30.07ರ ಬೋರ್ಡುಗಳನ್ನು ಕಾನೂನು ಹೇಳಿದ ಪದಗಳಲ್ಲೇ ಬರೆಸಿ. ಗನ್ ಚಿತ್ರಕ್ಕೆ ಅಡ್ಡಗೆರೆ ಎಳೆದ ಸ್ಟಿಕ್ಕರ್ ಅಂಟಿಸಿ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಬಡಿಸುವ ಹುಡುಗರಿಗೆ ಒಂದೇ ಮಾತು ಕಲಿಸಿ: ಗನ್ ಕಂಡರೆ, ಅವರು ಕುಡಿದಿದ್ದರೆ, ಎದುರು ನಿಂತು ವಾದಿಸದೆ ಮ್ಯಾನೇಜರನ್ನು ಕರೆಯಬೇಕು, ಮ್ಯಾನೇಜರ್ 911ಕ್ಕೆ ಕರೆ ಮಾಡಬೇಕು.

ಪೊಲೀಸರು ತಡೆದರೆ

ಕೈಗಳು ಸ್ಟೀರಿಂಗಿನ ಮೇಲೆ, ಕಾಣುವಂತೆ ಇರಲಿ. ಟೆಕ್ಸಸ್‌ನಲ್ಲಿ ಗನ್ ಲೈಸೆನ್ಸ್ ಇದ್ದು ಗನ್ ಜೊತೆಗಿದ್ದರೆ, ಪೊಲೀಸರು ಗುರುತಿನ ಚೀಟಿ ಕೇಳಿದಾಗ ಎರಡೂ ಕಾರ್ಡು ತೋರಿಸಬೇಕು. ಗನ್ ಎಲ್ಲಿದೆ ಎಂದು ಶಾಂತವಾಗಿ ಬಾಯಲ್ಲಿ ಹೇಳಿ, ಕೈಹಾಕಿ ತೋರಿಸಬೇಡಿ.

ಬಂಧನವಾದರೆ ಹೆಸರು, ವಿಳಾಸ ಬಿಟ್ಟು ಬೇರೆ ವಿವರಣೆ ಕೊಡದೆ ವಕೀಲರು ಬೇಕೆಂದು ಹೇಳಿ. 2010ರ ಪಡಿಲ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪೌರರಲ್ಲದ ಆರೋಪಿಗೆ ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದೆಯೇ ಎಂದು ತಿಳಿಸುವುದು ವಕೀಲರ ಕರ್ತವ್ಯ ಎಂದಿದೆ. ಆ ಪ್ರಶ್ನೆಯನ್ನು ನೀವೇ ಬಾಯಿಬಿಟ್ಟು ಕೇಳಿ. ಏಕೆಂದರೆ ಟೆಕ್ಸಸ್‌ನಲ್ಲಿ 'ತಪ್ಪು ಒಪ್ಪಿಕೊಳ್ಳಿ, ಷರತ್ತಿನ ಅವಧಿ ಮುಗಿಸಿದರೆ ಶಿಕ್ಷೆ ದಾಖಲಾಗುವುದಿಲ್ಲ' ಎಂಬ ಒಂದು ವ್ಯವಸ್ಥೆ ಇದೆ, ಡಿಫರ್ಡ್ ಅಡ್ಜುಡಿಕೇಶನ್ ಎನ್ನುತ್ತಾರೆ. ಕೇಳಲು ಹಗುರ. ಇಲ್ಲಿನ ಪ್ರಜೆಗೆ ಅದು ಒಳ್ಳೆಯ ದಾರಿಯೂ ಹೌದು. ವಲಸೆ ಕಾನೂನಿನಲ್ಲಿ ಮಾತ್ರ ಆ ತಪ್ಪೊಪ್ಪಿಗೆಯೇ ಅಪರಾಧ ಸಾಬೀತಾದದ್ದಕ್ಕೆ ಸಮ. ಮನೆಗೆ ಬೇಗ ಹೋಗುವ ಆಸೆಗೆ ಅಲ್ಲಿ ಸಹಿ ಹಾಕಿದರೆ ಗ್ರೀನ್ ಕಾರ್ಡ್ ನವೀಕರಿಸುವಾಗಲೋ ಬೆಂಗಳೂರಿನಿಂದ ವಾಪಸ್ ಬಂದು ವಿಮಾನ ನಿಲ್ದಾಣದಲ್ಲಿ ಸಾಲು ನಿಂತಾಗಲೋ ಅದು ಎದುರಾಗುತ್ತದೆ. ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ವಕೀಲರೂ ಕಾಗದ ನೋಡುವವರೆಗೆ ಯಾವುದಕ್ಕೂ ಸಹಿ ಹಾಕಬೇಡಿ. ಭಾರತದ ಪಾಸ್‌ಪೋರ್ಟ್ ಇರುವವರು ಬಂಧನವಾದಾಗ ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳಬಹುದು, ಕೇಳಿದರೆ ಪೊಲೀಸರು ತಿಳಿಸಲೇಬೇಕು.